ಗೀಟೆಳೆದು ಹೊಡೆದುಹಾಕಿದ ಸಾಲು

ತಂಗಿ, ವಂದನೆಗಳು.

ಸಿರುಗುಪ್ಪದ ಕಡೆಯಿಂದ ನೀವು ಕಳುಹಿಸಿದ ‘ದೇವಪ್ರೀತಿ ಮತ್ತು ನೆರೆಪ್ರೀತಿ’ ಲೇಖನ ತಲುಪಿದೆ. ಅಕ್ಷರ ದುಂಡಗಿದೆ, ಕಾಗುಣಿತ ಶುದ್ಧವಾಗಿದೆ, ಸತ್ಯವೇದದ (ಬೈಬಲಿನ) ಅಧ್ಯಾಯ ಮತ್ತು ವಚನಗಳ ಸಂಖ್ಯೆಗಳು ಸರಿಯಾಗಿವೆ. ನಮ್ಮ ಮಾಸಪತ್ರಿಕೆಗೆ ಬರುವ ಎಷ್ಟೋ ಬರಹಗಳಲ್ಲಿ ಇಷ್ಟೂ ಇರುವುದಿಲ್ಲ. ಆದರೂ ಇದನ್ನು ಈ ರೂಪದಲ್ಲಿ ಅಚ್ಚು ಹಾಕುವುದಿಲ್ಲ. ಇಂಥ ಸಂದರ್ಭದಲ್ಲಿ ಎರಡು ಸಾಲಿನ ಕಾರ್ಡು ಬರೆದು ಸುಮ್ಮನಾಗುವುದು ನನ್ನ ರೂಢಿ. ನಿಮಗೆ ಉದ್ದವಾಗಿ ಬರೆಯಲು ಕಾರಣ, ನಾಲ್ಕನೆಯ ಪುಟದಲ್ಲಿ ನೀವೇ ಗೀಟೆಳೆದು ಹೊಡೆದುಹಾಕಿರುವ ಒಂದು ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿಟ್ಟು ತೀರಿಸಿಕೊಳ್ಳುತ್ತೇನೆ.

“ಪ್ರೀತಿಯೆಂಬ ಅಮೃತಧಾರೆಯು ಮಾನವ ಹೃದಯಗಳೆಂಬ ಮರುಭೂಮಿಯಲ್ಲಿ ಹರಿಯಬೇಕಾಗಿದೆ.” ಇದು ನಿಮ್ಮ ಮೊದಲ ವಾಕ್ಯ. ಯಾರು ಹರಿಸಬೇಕು? ಯಾರ ಹೃದಯದಲ್ಲಿ? ಮರುಭೂಮಿಯನ್ನು ನೀವೂ ಕಂಡಿರಲಾರಿರಿ, ನಾನೂ ಕಂಡಿಲ್ಲ. ತುಂಗಭದ್ರಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದೆ ಪೈರು ಒಣಗಿದ್ದನ್ನು ಇಬ್ಬರೂ ಕಂಡಿದ್ದೇವೆ. ಅಲ್ಲಿಯಾದರೆ ರಾತ್ರೋರಾತ್ರಿ ನೀರು ತಿರುಗಿಸಿಕೊಂಡ ಮೇಲಿನ ಹೊಲದವನು ಒಬ್ಬನಿರುತ್ತಾನೆ, ಬೆಳಿಗ್ಗೆ ತಲೆಯ ಮೇಲೆ ಕೈಹೊತ್ತು ಕುಳಿತ ಕೆಳಗಿನ ಹೊಲದವನು ಒಬ್ಬನಿರುತ್ತಾನೆ. ನಿಮ್ಮ ಅಮೃತಧಾರೆಯ ದಂಡೆಯಲ್ಲಿ ನರಪಿಳ್ಳೆಯೂ ಇಲ್ಲ.

ಎರಡನೆಯ ವಾಕ್ಯ: “ನಾವೆಲ್ಲರೂ ಪರಸ್ಪರ ಪ್ರೀತಿಸುವುದನ್ನು ಕಲಿಯಬೇಕಾಗಿದೆ.” ಮುಂದಿನದು “ಅರಿಯಬೇಕಾಗಿದೆ”, ಅದರ ಮುಂದಿನದು “ಬೆಳೆಸಿಕೊಳ್ಳಬೇಕಾಗಿದೆ”. ಮೊದಲ ಪುಟವೊಂದರಲ್ಲೇ ಇಂಥ ‘ಬೇಕಾಗಿದೆ’ ಹನ್ನೊಂದು ಎಣಿಸಿದೆ. ಹೀಗೆ ಬರೆದಾಗ ಬರೆದವರೂ ಜಾರಿಕೊಳ್ಳುತ್ತಾರೆ, ಓದುವವರೂ ಜಾರಿಕೊಳ್ಳುತ್ತಾರೆ. ಕೆಲಸ ಯಾರ ಪಾಲಿಗೂ ಬರುವುದಿಲ್ಲ.

ನಾನು ಕೆಲಸ ಕಲಿತದ್ದು ಬಳ್ಳಾರಿಯ ಒಂದು ಸಣ್ಣ ಅಚ್ಚುಕೂಟದಲ್ಲಿ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರನ್ನು ಎಲ್ಲರೂ ಸಾಹೇಬರು ಎಂದೇ ಕರೆಯುತ್ತಿದ್ದೆವು. ಮದುವೆಯ ಪತ್ರಿಕೆ, ಜಾತ್ರೆಯ ಕರಪತ್ರ, ನಾಟಕದ ಹ್ಯಾಂಡ್‌ಬಿಲ್, ಚರ್ಚಿನ ವರದಿ ಎಲ್ಲವೂ ಅವರ ಕೈಯಿಂದಲೇ ಆಗಬೇಕಿತ್ತು. ಒಂದೊಂದು ಅಕ್ಷರ, ಒಂದೊಂದು ಒತ್ತನ್ನು ಗೂಡಿನಿಂದ ಹೆಕ್ಕುವವರಿಗೆ ಬರಿಮಾತು ಎಷ್ಟು ಭಾರ ಎಂಬುದು ಬೆರಳಿಗೇ ತಿಳಿಯುತ್ತದೆ. ಪಾದ್ರಿಗಳ ಸಂದೇಶವನ್ನು ನಾನು ಓದಿ ಹೇಳುತ್ತಿದ್ದರೆ ಅವರು ಕೈ ನಿಲ್ಲಿಸಿ, “ಇದರಲ್ಲಿ ಯಾರು ಯಾರಿಗೆ ಏನು ಕೊಟ್ಟರಪ್ಪಾ?” ಎಂದು ಕೇಳುತ್ತಿದ್ದರು. ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ, ಪಾದ್ರಿಗಳ ಕಾಗದದಲ್ಲೂ ಇರುತ್ತಿರಲಿಲ್ಲ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಉಪಚರಿಸಿದ ಸಮಾರ್ಯದವನ ಕಥೆ ಬಂದ ದಿನ ಮಾತ್ರ ಸಾಹೇಬರು ತಡೆಯದೆ ಜೋಡಿಸುತ್ತ ಹೋದರು. ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ, ಹೊತ್ತೊಯ್ಯಲು ತನ್ನದೇ ಪಶು, ಛತ್ರದವನ ಕೈಗೆ ಎರಡು ದಿನಾರಿ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂಬ ಮಾತು. ದಿನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ ಎಂದು ವಿವರಿಸಿದೆ. “ಲೆಕ್ಕ ಚೊಕ್ಕವಾಗಿದೆ” ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದು ನನಗೆ ನೆನಪಿಲ್ಲ.

ಈ ಊರಿಗೆ ಇಂಥ ಕೆಲಸ ಹೊಸದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರಲು ಕುಳಿತರು. 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆ ಮರುವರ್ಷ ಇಲ್ಲಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಆ ಸಾಲಿನ ಕೊನೆಯಲ್ಲಿ ನಿಂತಿದ್ದೇನೆಂಬ ಜಂಬ ನನಗಿದೆ. ನಿಮ್ಮ ಮೇಲಿನ ಸಿಟ್ಟಿಗೆ ಅದೂ ಒಂದು ಕಾರಣವೆಂದುಕೊಳ್ಳಿ.

ಈಗ ಎರಡನೆಯ ಪುಟ. “ಯೇಸುಸ್ವಾಮಿಯು ಧರ್ಮೋಪದೇಶಕನಿಗೆ ಈ ಎರಡು ಆಜ್ಞೆಗಳನ್ನು ಬೋಧಿಸಿದ ಬಳಿಕ ಸಮಾರ್ಯದವನ ಕಥೆಯನ್ನು ಹೇಳಿದನು” ಎಂದಿದ್ದೀರಿ. ಸುವಾರ್ತೆಗಳ ಪೈಕಿ ಮತ್ತಾಯ 22 ಮತ್ತು ಮಾರ್ಕ 12ರಲ್ಲಿ ಆಜ್ಞೆಗಳನ್ನು ಹೇಳುವವನು ಯೇಸು, ನಿಜ. ಆದರೆ ಸಮಾರ್ಯದವನ ಕಥೆ ಇರುವುದು ಲೂಕ 10ರಲ್ಲಿ ಮಾತ್ರ, ಅಲ್ಲಿ ಯೇಸು ಬೋಧಿಸುವುದಿಲ್ಲ. ‘ಧರ್ಮಶಾಸ್ತ್ರದಲ್ಲಿ ಏನು ಬರೆದಿದೆ?’ ಎಂದು ತಿರುಗಿ ಕೇಳುತ್ತಾನೆ. ಎರಡೂ ಆಜ್ಞೆಗಳನ್ನು ಒಪ್ಪಿಸುವವನು ಆ ಧರ್ಮೋಪದೇಶಕನೇ. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸುವ ಮಾತು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ್ದು, ನೆರೆಯವನದು ಯಾಜಕಕಾಂಡದ 19ನೆಯ ಅಧ್ಯಾಯದ್ದು. ಅವನಿಗೆ ಬಾಯಿಪಾಠ. ‘ಸರಿಯಾಗಿ ಉತ್ತರಕೊಟ್ಟೆ, ಹಾಗೆಯೇ ಮಾಡು’ ಎಂದಾಗ ಅವನಿಗೆ ಪೇಚಾಟ ಶುರುವಾಗುತ್ತದೆ. ನಿಮ್ಮ ಆರೂ ಪುಟಗಳು ಅವನ ಸರಿಯುತ್ತರದಲ್ಲೇ ನಿಂತಿವೆ. ತಪ್ಪಿಸಿಕೊಳ್ಳುವುದಕ್ಕಾದರೂ ಅವನು ‘ನನ್ನ ನೆರೆಯವನು ಯಾರು?’ ಎಂದು ಕೇಳಿದ. ನೀವು ಅದನ್ನೂ ಕೇಳಲಿಲ್ಲ.

ಕೇಳಲಿಲ್ಲ ಎನ್ನುವುದೂ ಅನ್ಯಾಯವೇ. ಗೀಟಿನ ಕೆಳಗಿನಿಂದ ನಾನು ಓದಿಕೊಂಡ ಸಾಲು ಇದು: “ನಮ್ಮ ತಾಯಿಗೆ ಮೆಣಸಿನಕಾಯಿ ಬಿಡಿಸಿದ ಕೂಲಿ ಮೂರು ಶನಿವಾರದಿಂದ ಬಂದಿಲ್ಲ, ಕೊಡಬೇಕಾದವರು ಭಾನುವಾರ ನಮ್ಮ ಮುಂದಿನ ಬೆಂಚಿನಲ್ಲಿ ಕುಳಿತು ಹಾಡುತ್ತಾರೆ.”

ಇದನ್ನು ಹೊಡೆದುಹಾಕಿ ಅಮೃತಧಾರೆಯನ್ನು ಉಳಿಸಿಕೊಂಡಿರಲ್ಲ! ಬಟವಾಡೆಯ ಮಾತು ಪವಿತ್ರ ವಿಷಯಕ್ಕೆ ಹೊಂದುವುದಿಲ್ಲ ಎನಿಸಿತೇ, ಅಥವಾ ಅವರು ಓದಿಬಿಟ್ಟರೆ ಎಂಬ ಹೆದರಿಕೆಯೇ? ಹೆದರಿಕೆಯಾಗಿದ್ದರೆ ನನ್ನ ತಕರಾರಿಲ್ಲ, ನಾಳೆಯೂ ತಾಯಿ ಅದೇ ಹೊಲಕ್ಕೆ ಹೋಗಬೇಕು. ಹೊಂದುವುದಿಲ್ಲ ಎಂದಿದ್ದರೆ, ನೀವು ಅಷ್ಟು ಸಲ ಉದ್ಧರಿಸಿದ ಯಾಜಕಕಾಂಡ 19:18ರ ಹಿಂದುಮುಂದೆ ಏನಿದೆ ಎಂದು ಓದಿ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲನ್ನು, ಅಂದರೆ ಕೊಯ್ಲಿನಲ್ಲಿ ಉದುರಿ ಉಳಿದ ತೆನೆಯನ್ನು, ಬಡವರಿಗೂ ಪರದೇಶಿಗೂ ಬಿಡು ಎಂದು ಶುರುವಿನಲ್ಲೇ ಇದೆ. ಮೋವಾಬಿನ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಗೆ ಉಣ್ಣಲಿಕ್ಕಿದ್ದು ಇಂಥ ಕಟ್ಟಳೆ ಇದ್ದುದರಿಂದ. ಕಿವುಡನನ್ನು ಬೈಯಬೇಡ, ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬೇಡ ಎಂದಿದೆ. ಕೊನೆಯ ಕಡೆ ತಕ್ಕಡಿ ಮತ್ತು ತೂಕದ ಕಲ್ಲಿನ ಮಾತಿದೆ, ಅದನ್ನು ನಮ್ಮ ಮಾರುಕಟ್ಟೆಯ ಅಂಗಳದಲ್ಲಿ ನಿಂತು ಓದಬಹುದು. 13ನೆಯ ವಚನವಂತೂ ನಿಮ್ಮ ತಾಯಿಯದೇ: ಕೂಲಿಯವನ ಕೂಲಿ ಬೆಳಗಿನವರೆಗೂ ನಿನ್ನ ಬಳಿ ಉಳಿಯಬಾರದು.

ಇನ್ನು 17ನೆಯ ವಚನ. ಸಹೋದರನನ್ನು ಮನಸ್ಸಿನೊಳಗೆ ದ್ವೇಷಿಸಬೇಡ, ನೆರೆಯವನ ತಪ್ಪನ್ನು ಅವನಿಗೇ ಹೇಳು ಎಂದಿದೆ ಅದರಲ್ಲಿ. ಅದಾದ ಮೇಲೆಯೇ ಪ್ರೀತಿಸು ಎಂಬ ಮಾತು ಬರುತ್ತದೆ. ಹಾಗಾದರೆ ಮುಂದಿನ ಬೆಂಚಿನವರನ್ನು ಪ್ರೀತಿಸುವುದೆಂದರೆ ಬಾಕಿಯನ್ನು ನುಂಗಿಕೊಂಡು ನಗುವುದೇ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವರನ್ನು ನಿಲ್ಲಿಸಿ ಕೇಳುವುದೇ? ನನಗೆ ಎರಡನೆಯದೇ ಸರಿಯೆನಿಸುತ್ತದೆ. ಆದರೆ ಕೇಳಿದವರ ಕೂಲಿ ಮುಂದಿನ ವಾರ ಏನಾಗುತ್ತದೆ ಎಂಬುದು ನನಗಿಂತ ನಿಮ್ಮ ತಾಯಿಗೆ ಚೆನ್ನಾಗಿ ಗೊತ್ತು. ಅವರನ್ನು ಕೇಳಿ ಬರೆಯಿರಿ.

ಎರಡು ಪುಟ ಸಾಕು. ಊರು, ಹೆಸರು, ಎಕರೆ ಯಾವುದೂ ಬೇಡ, ಬೇಕಾದರೆ ಮೆಣಸಿನಕಾಯಿಯನ್ನು ಹತ್ತಿ ಮಾಡಿ. ಬೆಂಚು ಮಾತ್ರ ಇರಲಿ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನ ತಾಯಿ ಅವರ ಪಕ್ಕದಲ್ಲೇ ಮೊಣಕಾಲೂರುತ್ತಾರೋ ಅಥವಾ ಸ್ವಲ್ಪ ತಡೆದು ಹೋಗುತ್ತಾರೋ, ಅದನ್ನು ಬರೆಯಿರಿ. ಬರೆದದ್ದನ್ನು ಮೊದಲು ತಾಯಿಗೆ ಓದಿ ಹೇಳಿ. ಅವರು ಬೇಡವೆಂದರೆ ಕಳುಹಿಸಬೇಡಿ, ಬೇರೆ ವಿಷಯ ನೋಡೋಣ.

ಕೂಲಿ ಬಂತೇ ಇಲ್ಲವೇ ಎಂಬುದನ್ನು ಪತ್ರಿಕೆಗಲ್ಲದಿದ್ದರೂ ನನಗೊಂದು ಕಾರ್ಡು ಬರೆದು ತಿಳಿಸಿ.

ಸಂಪಾದಕ
ಬಳ್ಳಾರಿ