ವಿದೇಶಿ ಹುಡುಗಿಯನ್ನು ಮದುವೆಯಾಗುವವರು ಮೊದಲು ಯಾವ ಕಾಗದ ಮಾಡಿಸಬೇಕು?

ನೀವು ಹರಿಹರದವರು, ಹುಡುಗಿ ಫಿಲಿಪ್ಪೀನ್ಸ್‌ನವರು. ಊರಲ್ಲೇ ಮದುವೆಯಾಗಿ ಇಲ್ಲೇ ಇರಬೇಕು ಅಂತ ಆಸೆ. ಛತ್ರದಲ್ಲಿ ಶಾಸ್ತ್ರ ಮುಗಿಸಿ, ರಿಜಿಸ್ಟ್ರೇಷನ್ ನಿಧಾನಕ್ಕೆ ಮಾಡಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ.

ದಯವಿಟ್ಟು ಹಾಗೆ ಮಾಡಬೇಡಿ. ನಾವು ಹಾಗೆ ಮಾಡಿ ಒಂದು ವರ್ಷ ಕಳೆದುಕೊಂಡೆವು.

ನನ್ನ ಹೆಂಡತಿಯೂ ಅದೇ ದೇಶದವಳು. ದುಬೈನಲ್ಲಿ ಕೆಲಸ ಮಾಡುವಾಗ ಪರಿಚಯವಾದಳು. ದಾವಣಗೆರೆಯಲ್ಲಿ ಛತ್ರ ಹಿಡಿದು, ನೆಂಟರಿಗೆಲ್ಲ ಊಟ ಹಾಕಿಸಿ, ತಾಳಿ ಕಟ್ಟಿದೆ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ನಿಲ್ಲಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಅವಳು ಕ್ರೈಸ್ತಳು. ವೀಸಾ ಕೇಳಲು ಹೋದಾಗ ನಮ್ಮ ಕೈಯಲ್ಲಿ ಇದ್ದದ್ದು ಲಗ್ನಪತ್ರಿಕೆ ಮತ್ತು ಫೋಟೋ ಆಲ್ಬಂ ಮಾತ್ರ. ಅವಳ ರಜೆ ಮುಗಿದು ವಾಪಸ್ ಹೋದಳು. ಮುಂದಿನ ರಜೆ ಬರುವವರೆಗೆ ಕಾದೆವು.

ನಿಮ್ಮಂಥವರಿಗೆ ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ನಿಮ್ಮ ಕಡೆಯ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ, ಅಂದರೆ ಜನ ಸಬ್ ರಿಜಿಸ್ಟ್ರಾರ್ ಆಫೀಸ್ ಅನ್ನುವಲ್ಲಿ, ವಿಚಾರಿಸಿ. ಮೊದಲು ನಾವಿಬ್ಬರು ಮದುವೆಯಾಗುತ್ತೇವೆ ಅಂತ ನೋಟಿಸ್ ಕೊಡಬೇಕು. ಅದಕ್ಕೆ ಮುಂಚೆ ಇಬ್ಬರಲ್ಲಿ ಒಬ್ಬರು ಜಿಲ್ಲೆಯಲ್ಲಿ 30 ದಿನ ವಾಸ ಇದ್ದಿರಬೇಕು. ನೀವು ಇಲ್ಲಿಯವರೇ ಆದ್ದರಿಂದ ಆ ಚಿಂತೆ ಇಲ್ಲ. ನೋಟಿಸ್ ಹಚ್ಚಿದ ಮೇಲೆ ಮತ್ತೆ 30 ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳ ಮುಂದೆ ಸಹಿ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸದಾಗಿ ನೋಟಿಸ್ ಕೊಡಬೇಕು. ಈ ಲೆಕ್ಕ ನೋಡಿದರೆ 30 ದಿನದ ಇ-ಟೂರಿಸ್ಟ್ ವೀಸಾದಲ್ಲಿ ಅವರನ್ನು ಕರೆಸಿಕೊಂಡು ಪ್ರಯೋಜನ ಇಲ್ಲ ಅಲ್ವಾ?

ನೋಟಿಸ್ ನೋಡಿ ಯಾರಾದರೂ ತಕರಾರು ತೆಗೆದಾರು ಅಂತ ನಮ್ಮಪ್ಪನಿಗೆ ಬಹಳ ಭಯ ಇತ್ತು. ಜಾತಿ, ಧರ್ಮ, ನೆಂಟರಿಗೆ ಇಷ್ಟ ಇಲ್ಲ ಅನ್ನುವುದೆಲ್ಲ ಕಾನೂನಿನಲ್ಲಿ ತಕರಾರೇ ಅಲ್ಲ. ಮೊದಲ ಮದುವೆ ಇನ್ನೂ ಊರ್ಜಿತದಲ್ಲಿದೆ, ವಯಸ್ಸು ಸಾಲದು, ಇಂಥವು ಮಾತ್ರ ನಡೆಯುತ್ತವೆ.

ಹುಡುಗಿಗೆ ಮದುವೆಯಾಗಿಲ್ಲ ಅನ್ನುವುದಕ್ಕೆ ಪತ್ರ ಬೇಕು. ಅವರ ದೇಶದಲ್ಲಿ ಅದಕ್ಕೆ ಸೆನೊಮಾರ್ ಅನ್ನುತ್ತಾರೆ. ಅದನ್ನು ಅಲ್ಲಿಂದಲೇ ಅಪೊಸ್ಟೀಲ್ ಮಾಡಿಸಿ ತರಲಿ, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶದವರು ಒಪ್ಪುವಂತೆ ಅಲ್ಲಿನ ಸರ್ಕಾರದ ದೃಢೀಕರಣ. ಅದರ ಜೊತೆಗೆ ದೆಹಲಿಯಲ್ಲಿರುವ ಅವರ ರಾಯಭಾರ ಕಚೇರಿ, ಮದುವೆಯಾಗಲು ಅಡ್ಡಿ ಇಲ್ಲ ಅಂತ ಒಂದು ಪತ್ರ ಕೊಡುತ್ತದೆ. ನಾವು ಅದಕ್ಕೆ ದೆಹಲಿಗೆ ಹೋಗಿ ಬಂದೆವು.

ಅವರು ನಿಮ್ಮ ಮನೆಗೆ ಬಂದ 24 ಗಂಟೆಯೊಳಗೆ, ವಿದೇಶಿಯರು ಮನೆಯಲ್ಲಿ ಇಳಿದಿದ್ದಾರೆ ಅಂತ ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಿ. ಜನ ಅದನ್ನು ಫಾರ್ಮ್ ಸಿ ಅನ್ನುತ್ತಾರೆ. ಇದು ಹೋಟೆಲ್‌ನವರಿಗೆ ಮಾತ್ರ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಮನೆಯಲ್ಲಿ ಇಳಿಸಿಕೊಂಡವರೂ ತುಂಬಲೇಬೇಕು. ನಮ್ಮ ಮನೆ ಅಮ್ಮನ ಹೆಸರಲ್ಲಿದೆ, ಹಾಗಾಗಿ ಅಮ್ಮನ ಹೆಸರಲ್ಲೇ ಆನ್‌ಲೈನ್‌ನಲ್ಲಿ ತುಂಬಿದೆವು.

ಮದುವೆ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಓ ಜಾಲತಾಣದಲ್ಲಿ ಅರ್ಜಿ ಹಾಕಿ, ಟೂರಿಸ್ಟ್ ವೀಸಾವನ್ನು ಇಲ್ಲೇ ಸಂಸಾರದ ಜೊತೆ ಇರಲು ಕೊಡುವ ಎಂಟ್ರಿ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು. ಭಾರತೀಯರನ್ನು ಮದುವೆಯಾದವರಿಗೆ ಆ ಅವಕಾಶ ಇದೆ. ಇದ್ದ ವೀಸಾ ಮುಗಿಯುವ ಮುಂಚೆಯೇ ಹಾಕಿ. ಒಂದು ದಿನ ಮೀರಿದರೂ ತೊಂದರೆ.

ಮದುವೆ ರಿಜಿಸ್ಟರ್ ಆಗಿ, ಬಿಡುವಿಲ್ಲದೆ ಎರಡು ವರ್ಷ ನಡೆದಿದ್ದರೆ ಓಸಿಐ ಕಾರ್ಡ್‌ಗೆ, ಅಂದರೆ ಭಾರತದ ಸಾಗರೋತ್ತರ ನಾಗರಿಕ ಅನ್ನುವ ಕಾರ್ಡ್‌ಗೆ, ಅರ್ಜಿ ಹಾಕಬಹುದು. ಅದು ಸಿಕ್ಕರೆ ವೀಸಾ ನವೀಕರಣದ ಓಡಾಟ ಇಲ್ಲ, ಎಷ್ಟು ವರ್ಷ ಬೇಕಾದರೂ ಇರಬಹುದು. ಓಟು ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ರಿಜಿಸ್ಟ್ರೇಷನ್ ಮುಂದೆ ಹಾಕಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ. ನಾವು ತಾಳಿ ಕಟ್ಟಿದ ದಿನದಿಂದ ಎಣಿಸುತ್ತಿದ್ದೆವು, ಆ ವರ್ಷ ಲೆಕ್ಕಕ್ಕೇ ಬರಲಿಲ್ಲ.

ಇನ್ನೊಂದು ವಿಷಯ, ಹೆಸರು. ಅವರಲ್ಲಿ ತಾಯಿಯ ತವರಿನ ಹೆಸರು ನಡುವೆ ಬರುತ್ತದೆ. ನಮ್ಮಲ್ಲಿ ಇನಿಷಿಯಲ್. ನಾನು ಅರ್ಜಿಯಲ್ಲಿ ಅವಳ ನಡುಹೆಸರು ಬಿಟ್ಟು ಬರೆದಿದ್ದೆ. ಸರ್ಟಿಫಿಕೇಟ್‌ನಲ್ಲೂ ಹಾಗೇ ಬಂತು, ಪಾಸ್‌ಪೋರ್ಟ್‌ಗೆ ತಾಳೆಯಾಗಲಿಲ್ಲ. ತಿದ್ದಿಸುವಷ್ಟರಲ್ಲಿ ವೀಸಾ ಮುಗಿಯಲು ನಾಲ್ಕೇ ದಿನ ಉಳಿದಿತ್ತು, ಅವಳು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ನೀವು ಇವತ್ತೇ ನಿಮ್ಮ ಪಾಸ್‌ಪೋರ್ಟ್, ಆಧಾರ್, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಪಕ್ಕಪಕ್ಕ ಇಟ್ಟು ನೋಡಿ. ಅವರಿಗೂ ಅವರ ಕಾಗದಗಳನ್ನು ಹಾಗೇ ನೋಡಲು ಹೇಳಿ. ಒಂದು ಅಕ್ಷರ ಆಚೀಚೆ ಇದ್ದರೂ ಟಿಕೆಟ್ ಬುಕ್ ಮಾಡುವ ಮೊದಲೇ ಸರಿಮಾಡಿಸಿ.