ಮಗ ಡ್ರೋನ್ ತರಬಹುದೇ?

ಪ್ರಶ್ನೆ: ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ನನ್ನ ಮಗ ನಾಲ್ಕು ವರ್ಷಗಳ ಬಳಿಕ ಡಿಸೆಂಬರಿನಲ್ಲಿ ಸೊಸೆ, ಮೊಮ್ಮಕ್ಕಳೊಂದಿಗೆ ಬರುತ್ತಿದ್ದಾನೆ. ನಮ್ಮ ಅಡಿಕೆ ತೋಟವನ್ನು ಮೇಲಿನಿಂದ ಚಿತ್ರೀಕರಿಸಲು ತನ್ನ ಡ್ರೋನ್ ತರುತ್ತೇನೆಂದು ಹೇಳುತ್ತಾನೆ. ಇದಕ್ಕೆ ಅಡ್ಡಿಯುಂಟೇ?
– ಒಬ್ಬ ಓದುಗರು, ಶಿರಸಿ

ಉತ್ತರ: ದಯವಿಟ್ಟು ಅದನ್ನು ಅಲ್ಲಿಯೇ ಬಿಟ್ಟು ಬರಲು ಈಗಲೇ ತಿಳಿಸಿರಿ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ರಕ್ಷಣೆ, ಭದ್ರತೆ ಮತ್ತು ಸಂಶೋಧನೆಯ ಉದ್ದೇಶಗಳನ್ನು ಹೊರತುಪಡಿಸಿ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿರುವುದರಿಂದ, ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಗಳು ಅದನ್ನು ವಶಕ್ಕೆ ಪಡೆಯಬಹುದು. ವರ್ಷಗಳ ಬಳಿಕ ಮನೆಗೆ ಬರುವವರ ಮೊದಲ ಗಳಿಗೆಗಳು ಹಾಗೆ ಕಳೆಯಬಾರದು.

ಆದರೆ ಮಗನ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕೆಳಗೆ ನಿಂತವರಿಗೆ ಬರಿಯ ಕಂಬಗಳ ಸಾಲಾಗಿ ಕಾಣುವ ಅಡಿಕೆ ಮರಗಳು ಮೇಲಿನಿಂದ ಹಸಿರು ನಕ್ಷತ್ರಗಳಂತೆ ಒತ್ತೊತ್ತಾಗಿ ಹರಡಿರುತ್ತವೆ. ಅವುಗಳ ಅಂಚಿನಲ್ಲಿ ಹೆಂಚಿನ ಮಾಡು, ಅಡಿಕೆ ಹರಡಿದ ಅಂಗಳ, ಅದರ ನಡುವೆ ತಲೆಯೆತ್ತಿ ನೋಡುತ್ತಿರುವ ನೀವು. ದೂರದಲ್ಲಿರುವವರು ಮತ್ತೆ ಮತ್ತೆ ತೆರೆದು ನೋಡುವ ಚಿತ್ರ ಅದೇ.

ಆದ್ದರಿಂದ ಮದುವೆ ಚಿತ್ರೀಕರಣ ಮಾಡುವ ಸ್ಥಳೀಯ ಛಾಯಾಗ್ರಾಹಕರನ್ನು ಅರ್ಧ ದಿನಕ್ಕೆ ಕರೆಸಿಕೊಳ್ಳಿ. ಅವರಲ್ಲಿ ನೋಂದಾಯಿತ ಡ್ರೋನ್ ಮತ್ತು ಹಾರಿಸುವ ಪ್ರಮಾಣಪತ್ರ ಇವೆಯೇ ಎಂದು ಮೊದಲು ಕೇಳಿ; ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದ್ದರೆ 400 ಅಡಿಯವರೆಗೆ ಹಾರಿಸಲು ಪೂರ್ವಾನುಮತಿ ಬೇಕಿಲ್ಲ. ನೌಕಾನೆಲೆಯಿರುವ ಕಾರವಾರದ ಕಡೆಗೆ ಹೋಗುವುದಾದರೆ ಡ್ರೋನಿನ ಯೋಚನೆ ಬೇಡ. ಬೆಳಗಿನ ಮಂಜು ಕರಗುವ ಹೊತ್ತಿಗೆ ಚಿತ್ರೀಕರಿಸಿ, ಪಕ್ಕದ ಮನೆಯವರಿಗೆ ಹಿಂದಿನ ದಿನವೇ ತಿಳಿಸಿರಿ.