ಮಳೆ ಕೈಕೊಟ್ಟು, ಸಾಲ ಏರಿದಾಗಲೂ ನಮ್ಮ ಕಡೆ ಜನ 'ದೇವರು ನಡೆಸ್ತಾನೆ' ಅಂತಾರಲ್ಲ, ಹೇಗೆ?

ಕಷ್ಟ ಬರೋದೇ ಇಲ್ಲ ಅನ್ನೋದು ಆ ನಂಬಿಕೆಯಲ್ಲ. ಬಂದಾಗ ದೇವರು ಕೈಬಿಡಲ್ಲ, ಯಾರದೋ ಕೈಯಿಂದ ಕೊಡಿಸ್ತಾನೆ ಅನ್ನೋದು ನಂಬಿಕೆ. ಸುಮ್ನೆ ಕೂತರೆ ಆಗತ್ತೆ ಅಂತಲ್ಲ, ಬಿತ್ತೋದು ಬಿತ್ತಲೇಬೇಕು.

ಇದು ನಿಂತಿರೋದು ದಾಸೋಹದ ಮೇಲೆ. ಕೊಡುವವರು 'ಇದು ನನ್ನದಲ್ಲ, ಶಿವನದು' ಅಂತ ಕೊಡುತ್ತಾರೆ. ಹಾಗಾಗಿ ತಗೊಳ್ಳುವವರಿಗೆ ಸಂಕೋಚ ಇಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ಕೂತವರನ್ನು ಯಾಕೆ ಬಂದಿರಿ ಅಂತ ಯಾರೂ ಕೇಳಲ್ಲ. ಊಟ ಬಡಿಸುತ್ತಾರೆ, ಅಷ್ಟೇ. ಕಷ್ಟದಲ್ಲಿ ಮನುಷ್ಯನನ್ನು ಹಸಿವಿಗಿಂತ ಜಾಸ್ತಿ ಕುಗ್ಗಿಸೋದು ಕೈಚಾಚುವ ನಾಚಿಕೆ, ಅಲ್ವಾ? ದಾಸೋಹ ಅದನ್ನೇ ತೆಗೆದುಹಾಕುತ್ತದೆ.

ಗದಗದ ವೀರೇಶ್ವರ ಪುಣ್ಯಾಶ್ರಮ ನೋಡಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟರು. ಅದಕ್ಕೆ ಭಕ್ತರ ಕಾಣಿಕೆ ಆಧಾರವಾಗಿತ್ತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು, ಅವರಿಗೂ ಕಣ್ಣಿರಲಿಲ್ಲ, 2010ರವರೆಗೆ ಅದನ್ನು ನಡೆಸಿದರು.